ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ತಕರಾರು ತೆಗೆದರೆ

ರ‍್ಯಾಮ್ ಹೆಚ್ಚಿಸುವ ಕೈಕೆಲಸ ಸುಲಭವೇ. ಲಾಕ್ ತೆಗೆದು, ಸ್ಟಿಕ್ ಒತ್ತಿ, ಕ್ಯಾಬಿನೆಟ್ ಮುಚ್ಚಿದರೆ ಮುಗಿಯಿತು. ತೊಂದರೆ ಶುರುವಾಗುವುದು ಪವರ್ ಬಟನ್ ಒತ್ತಿದ ಮೇಲೆ. ಪರದೆ ಕಪ್ಪಾಗಿಯೇ ಉಳಿದರೆ, 16 ಜಿಬಿ ಇರಬೇಕಾದಲ್ಲಿ 8 ಕಂಡರೆ, ಹೆಚ್ಚಿನವರು ಮೊದಲು ಹೇಳುವ ಮಾತು ಒಂದೇ: 'ರ‍್ಯಾಮ್ ಕೆಟ್ಟಿದೆ, ವಾಪಸ್ ಕೊಡೋಣ.' ಕೆಟ್ಟ ಸ್ಟಿಕ್ ಬರುವುದು ಉಂಟು. ಆದರೆ ಅದರ ಮೇಲೆ ಕೊನೆಗೆ ಅನುಮಾನ ಪಡಬೇಕು. ಸ್ಟಿಕ್ ಪೂರ್ತಿ ಕೂತಿದೆಯೇ, ಸರಿಯಾದ ಸ್ಲಾಟ್‌ನಲ್ಲಿದೆಯೇ, ಬಯೋಸ್ (ಆನ್ ಮಾಡಿದೊಡನೆ ಓಡುವ, ಬೋರ್ಡಿನ ಮೂಲ ಸಾಫ್ಟ್‌ವೇರ್) ಅದನ್ನು ಯಾವ ವೇಗದಲ್ಲಿ ಓಡಿಸಲು ಹೊರಟಿದೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು.

ಈ ಹುಡುಕಾಟಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಟಿಕ್ ಅದಲುಬದಲು ಮಾಡಿ, ಅದೇ ಉಸಿರಿನಲ್ಲಿ ಬಯೋಸ್ ಸೆಟ್ಟಿಂಗನ್ನೂ ಬದಲಿಸಿದರೆ ಸಿಸ್ಟಂ ಆನ್ ಆದರೂ ಯಾವುದರಿಂದ ಆಯಿತು ಎನ್ನುವುದು ತಿಳಿಯುವುದಿಲ್ಲ. ಹಳೆಯ ಸ್ಟಿಕ್ ಎಸೆಯಬೇಡಿ, ಮಾರಲೂ ಬೇಡಿ. ಕೆಲಸ ಮಾಡುತ್ತದೆ ಎಂದು ಗೊತ್ತಿರುವ ಒಂದು ಸ್ಟಿಕ್ ಕೈಯಲ್ಲಿರುವುದು ಯಾವ ಪರೀಕ್ಷಾ ಸಾಫ್ಟ್‌ವೇರಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೈ ಹಾಕುವ ಮೊದಲು

ಶಟ್ ಡೌನ್ ಮಾಡಿದರೆ ಸಾಲದು. ವೈರ್ ಚುಚ್ಚಿದ್ದಷ್ಟು ಹೊತ್ತೂ ಕ್ಯಾಬಿನೆಟ್ಟಿನ ವಿದ್ಯುತ್ ಡಬ್ಬಿಯಾದ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ವಿದ್ಯುತ್ ಕೊಡುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ಸ್ಟಿಕ್ ಕಿತ್ತರೆ ಅಥವಾ ಒತ್ತಿದರೆ ಸ್ಟಿಕ್ಕೋ ಸ್ಲಾಟೋ ಸುಡಬಹುದು. ಗೋಡೆಯ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಬೋರ್ಡ್ ಮೇಲೆ ಯಾವುದಾದರೂ ದೀಪ ಇನ್ನೂ ಬೆಳಗುತ್ತಿದ್ದರೆ ಅದು ಆರುವವರೆಗೆ ಕಾಯಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಬೇಕು.

ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್‌ಗಳಿಗೆ ಶತ್ರು. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸಬೇಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಅದರ ಕೆಪ್ಯಾಸಿಟರ್‌ಗಳಲ್ಲಿ ವೈರ್ ಕಿತ್ತ ಮೇಲೂ ಅಪಾಯದ ಮಟ್ಟದ ಚಾರ್ಜ್ ಉಳಿದಿರುತ್ತದೆ.

ಬಹಳಷ್ಟು ಜನ ಮರೆಯುವ ಇನ್ನೊಂದು ವಿಷಯವಿದೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡ್ರೈವಿಗೆ ಬೀಗ ಹಾಕುವ ಸೌಲಭ್ಯ) ಆನ್ ಆಗಿದ್ದರೆ, ಬಯೋಸ್ ರೀಸೆಟ್ ಅಥವಾ ಅಪ್‌ಡೇಟ್ ಆದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದೆ ಡ್ರೈವ್‌ನಲ್ಲಿರುವುದನ್ನು ತೆರೆಯಲಾಗದು. ನಿಮಗೆ ಅರಿವಿಲ್ಲದೆಯೇ ಅದು ಆನ್ ಆಗಿರುವುದೂ ಉಂಟು. ಕೆಲಸ ಶುರು ಮಾಡುವ ಮೊದಲು ಕೀಯನ್ನು ಬೇರೆಲ್ಲಾದರೂ ಬರೆದಿಟ್ಟುಕೊಳ್ಳಿ.

ಸ್ಟಿಕ್ ಸ್ಲಾಟ್‌ಗೆ ಇಳಿಯುತ್ತಲೇ ಇಲ್ಲ

ಒತ್ತಡ ಹೆಚ್ಚಿಸಬೇಡಿ, ಸ್ಟಿಕ್ಕಿನ ಚಿನ್ನದ ಪಟ್ಟಿಯ ನಡುವಿನ ಕಚ್ಚು ನೋಡಿ. ಡಿಡಿಆರ್3, 4, 5 ಎಂಬುವು ರ‍್ಯಾಮ್‌ನ ತಲೆಮಾರುಗಳು. ಡಿಡಿಆರ್3 ಡೆಸ್ಕ್‌ಟಾಪ್ ಸ್ಟಿಕ್‌ಗೆ 240 ಪಿನ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನೇ ಇದ್ದರೂ ನಡುವಿನ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟ್‌ಗೆ ಇನ್ನೊಂದು ಕೂರದಂತೆ ಬೇಕೆಂದೇ ಹಾಗೆ ಮಾಡಿದ್ದಾರೆ, ಏಕೆಂದರೆ ಒಂದೊಂದರ ವೋಲ್ಟೇಜೂ ಬೇರೆ: ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ತಲೆಮಾರು ಸರಿಯಿದ್ದೂ ಇಳಿಯದಿದ್ದರೆ ಸ್ಟಿಕ್ ಹಿಂದುಮುಂದಾಗಿರಬೇಕು.

ಕಚ್ಚು ಹೊಂದಿದ ಮಾತ್ರಕ್ಕೆ ಕೆಲಸ ಮಾಡುತ್ತದೆಂದೂ ಅಲ್ಲ. ಸರ್ವರ್‌ಗಳಿಂದ ತೆಗೆದ ಡಿಡಿಆರ್4 ರೆಜಿಸ್ಟರ್ಡ್ ಸ್ಟಿಕ್‌ಗಳು ಸಾಮಾನ್ಯ ಡೆಸ್ಕ್‌ಟಾಪ್ ಸ್ಲಾಟ್‌ಗೆ ನೀಟಾಗಿ ಕೂರುತ್ತವೆ, ಆದರೆ ಸಿಸ್ಟಂ ಆನ್ ಆಗುವುದಿಲ್ಲ. ಹೆಚ್ಚು ಜಿಬಿ ಅಗ್ಗಕ್ಕೆ ಸಿಕ್ಕಿತು ಎಂದು ಕೊಂಡವರು ಲೇಬಲ್ ಮೇಲೆ 'ಆರ್‌ಡಿಐಎಂಎಂ' ಅಥವಾ 'ರೆಜಿಸ್ಟರ್ಡ್' ಎಂದಿದೆಯೇ ನೋಡಲಿ. ಇದ್ದರೆ ಯಾವ ಸೆಟ್ಟಿಂಗೂ ಅದನ್ನು ಸರಿಮಾಡದು.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ

ಹೆಚ್ಚು ಜನರನ್ನು ಕಂಗೆಡಿಸುವ ಲಕ್ಷಣ ಇದೇ. ಕಾಸಿಲ್ಲದ ಮದ್ದೂ ಹೆಚ್ಚಾಗಿ ಇದಕ್ಕೇ ನಾಟುವುದು.

ಮೊದಲ ಮದ್ದು ಸುಮ್ಮನೆ ಕಾಯುವುದು. ಹೊಸ ಸ್ಟಿಕ್ ಕಂಡಾಗ ಬೋರ್ಡ್ ಅದರ ಜೊತೆ ಸಮಯ, ವೋಲ್ಟೇಜ್‌ಗಳ ಶ್ರುತಿ ಕೂಡಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಡಿಡಿಆರ್4ರಲ್ಲಿ ಇದು ಬಹುತೇಕ ಗೊತ್ತಾಗದಂತೆ ಮುಗಿಯುತ್ತದೆ. ಡಿಡಿಆರ್5ರಲ್ಲಿ, ಅದರಲ್ಲೂ ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ, ಮೊದಲ ಸಲ ಹಲವು ನಿಮಿಷ ಹಿಡಿಯಬಹುದು. ಆ ಹೊತ್ತಿನಲ್ಲಿ ಪರದೆ ಕಪ್ಪಾಗಿರುತ್ತದೆ, ಸಿಸ್ಟಂ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗಲೂಬಹುದು. ಕೆಟ್ಟಿತೆಂದು ಹೆದರಿ ಪವರ್ ತೆಗೆದರೆ ಟ್ರೈನಿಂಗ್ ಮತ್ತೆ ಮೊದಲಿನಿಂದ ಶುರು. ಕಾಲು ಗಂಟೆ ಬಿಟ್ಟುಬಿಡಿ. ಅಷ್ಟಾದರೂ ಬದಲಾವಣೆ ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಎರಡನೆಯದು ಕೇಬಲ್‌ಗಳು. ಕ್ಯಾಬಿನೆಟ್ ಎಳೆದಾಡುವಾಗ ಮಾನಿಟರ್ ಕೇಬಲ್ ಸಡಿಲವಾಗಿರಬಹುದು, ಅಥವಾ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಬೇಕಾದದ್ದನ್ನು ಮರಳಿ ಜೋಡಿಸುವಾಗ ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿರಬಹುದು. ಸ್ಲಾಟ್‌ಗಳ ಪಕ್ಕದಲ್ಲೇ ಇರುವ 24 ಪಿನ್ ಪವರ್ ಕನೆಕ್ಟರ್ ಕೈ ತಾಗಿ ಅರ್ಧ ಮೇಲೆದ್ದಿರುವುದೂ ಸಾಮಾನ್ಯ. ಅದನ್ನೂ, ಪ್ರೊಸೆಸರ್ ಬಳಿಯ 8 ಪಿನ್ನಿನದನ್ನೂ ಒಮ್ಮೆ ಒತ್ತಿ ನೋಡಿ.

ಆಮೇಲೆ ಸ್ಟಿಕ್ ತೆಗೆದು ಮತ್ತೆ ಕೂರಿಸಿ. ಎರಡು ತುದಿಗೂ ಸಮನಾಗಿ ಒತ್ತಬೇಕು, ಲಾಕ್ ಇರುವ ಕಡೆಯೆಲ್ಲ 'ಟಕ್' ಎಂಬ ಸದ್ದು ಕೇಳಬೇಕು. ಈಗಿನ ಹಲವು ಬೋರ್ಡ್‌ಗಳಲ್ಲಿ ಲಾಕ್ ಒಂದೇ ತುದಿಯಲ್ಲಿರುತ್ತದೆ, ಇನ್ನೊಂದು ತುದಿಯಲ್ಲಿ ಅಲುಗಾಡದ ತೋಡು ಮಾತ್ರ. ಮೋಸವಾಗುವುದು ಅಲ್ಲೇ. ಲಾಕ್ ಬಿದ್ದ ತುದಿ ನೋಡಿ ಕೂತಿತು ಅಂದುಕೊಳ್ಳುತ್ತೇವೆ, ಆ ಕಡೆ ಒಂದೆರಡು ಮಿಲಿಮೀಟರ್ ಮೇಲೇ ಇರುತ್ತದೆ. ಬಗ್ಗಿ, ಸ್ಟಿಕ್ಕಿನ ಚಿನ್ನದ ಪಟ್ಟಿ ಉದ್ದಕ್ಕೂ ಒಂದೇ ಸಮ ಮರೆಯಾಗಿದೆಯೇ ನೋಡಿ.

ಸ್ಲಾಟ್ ಯಾವುದು ಎನ್ನುವುದೂ ಮುಖ್ಯ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಎರಡು ಸ್ಟಿಕ್ ಹಾಕುವಾಗ ಹೆಚ್ಚಿನ ತಯಾರಕರು ಹೇಳುವುದು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು, ಅಂದರೆ ಎ2 ಮತ್ತು ಬಿ2. ಒಂದೇ ಸ್ಟಿಕ್ ಇದ್ದರೆ ಎ2. ಪಕ್ಕಪಕ್ಕದ ಎ1, ಎ2ರಲ್ಲೋ ಬಿ1, ಬಿ2ರಲ್ಲೋ ತುಂಬಿದರೆ ಎರಡೂ ಒಂದೇ ಚಾನೆಲ್‌ಗೆ (ಪ್ರೊಸೆಸರಿಗೆ ಡೇಟಾ ಸಾಗುವ ದಾರಿಗೆ) ಬೀಳುತ್ತವೆ. ಕೆಲವು ಬೋರ್ಡ್‌ಗಳು ಹಾಗೆಯೂ ಓಡುತ್ತವೆ, ಕೆಲವು ಮುನಿಸಿಕೊಳ್ಳುತ್ತವೆ. ನಿಮ್ಮ ಬೋರ್ಡಿನ ಕೈಪಿಡಿಯಲ್ಲಿ ಈ ಚಿತ್ರ ಇದ್ದೇ ಇರುತ್ತದೆ. ಅದರ ಮಾತೇ ಕೊನೆಯದು.

ಇಷ್ಟಾದರೂ ಡಿಸ್‌ಪ್ಲೇ ಬರದಿದ್ದರೆ ಅಪರಾಧಿಯನ್ನು ಬೇರ್ಪಡಿಸುವ ಪರೀಕ್ಷೆ. ಎಲ್ಲ ಸ್ಟಿಕ್ ತೆಗೆದು ಹಳೆಯದೊಂದನ್ನು ಮಾತ್ರ ಎ2ರಲ್ಲಿ ಹಾಕಿ ಆನ್ ಮಾಡಿ. ಡಿಸ್‌ಪ್ಲೇ ಬಂದರೆ ಬೋರ್ಡ್, ಪ್ರೊಸೆಸರ್, ಆ ಸ್ಲಾಟ್ ಮೂರೂ ನಿರಪರಾಧಿಗಳು. ಈಗ ಹಳೆಯದನ್ನು ತೆಗೆದು, ಅದೇ ಸ್ಲಾಟ್‌ಗೆ ಹೊಸದನ್ನು ಒಂಟಿಯಾಗಿ ಹಾಕಿ.

- ಹೊಸದು ಒಂಟಿಯಾಗಿ ಓಡಿ, ಹಳೆಯದರ ಜೊತೆ ಓಡದಿದ್ದರೆ ಎರಡೂ ಒಳ್ಳೆಯವೇ. ಅವುಗಳ ಹೊಂದಾಣಿಕೆ ಅಥವಾ ವೇಗದ ಸೆಟ್ಟಿಂಗ್ ತೊಂದರೆ ಕೊಡುತ್ತಿದೆ.
- ಹಳೆಯದು ಓಡುವ ಸ್ಲಾಟ್‌ನಲ್ಲೇ ಹೊಸದು ಓಡದಿದ್ದರೆ, ಹೊಸ ಸ್ಟಿಕ್ ಕೆಟ್ಟಿದೆ ಅಥವಾ ಆ ಬೋರ್ಡ್ ಅದನ್ನು ಗುರುತಿಸುತ್ತಿಲ್ಲ.
- ಯಾವ ಸ್ಟಿಕ್ ಹಾಕಿದರೂ ಒಂದು ನಿರ್ದಿಷ್ಟ ಸ್ಲಾಟ್‌ನಲ್ಲಿ ಮಾತ್ರ ಸತ್ತರೆ ಸ್ಲಾಟ್‌ನಲ್ಲಿ ದೂಳೋ ಬಾಗಿದ ಸಂಪರ್ಕವೋ ಇದೆ.
- ಎ1, ಎ2 ಎರಡೂ ಸತ್ತು ಬಿ1, ಬಿ2 ಎರಡೂ ಬದುಕಿದ್ದರೆ ಸ್ಲಾಟ್‌ಗಳನ್ನು ಬಿಟ್ಟು ಪ್ರೊಸೆಸರಿನ ಕಡೆ ನೋಡಿ.

ಈ ಕೊನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಈಗಿನ ಕಂಪ್ಯೂಟರುಗಳಲ್ಲಿ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೇ. ಒಂದು ಚಾನೆಲ್‌ನ ಎರಡೂ ಸ್ಲಾಟ್ ಒಟ್ಟಿಗೆ ಕೆಡುವುದು ಅಪರೂಪ. ಸಾಕೆಟ್‌ನ ಒಂದು ಪಿನ್ ಬಾಗಿದ್ದರೆ, ಇಲ್ಲವೇ ಕೂಲರ್ ಸ್ಕ್ರೂಗಳ ಬಿಗಿ ಏರುಪೇರಾಗಿ ಪ್ರೊಸೆಸರ್ ಒಂದು ಕಡೆ ವಾಲಿದ್ದರೆ ಇಡೀ ಚಾನೆಲ್ ಮಾಯವಾಗುತ್ತದೆ. ರ‍್ಯಾಮ್ ಜೊತೆಗೆ ಕೂಲರನ್ನೂ ಬದಲಿಸಿದ್ದರೆ ಈ ಅನುಮಾನ ಮೊದಲೇ ಬರಬೇಕು. ಕೂಲರಿನ ಸ್ಕ್ರೂಗಳನ್ನು ಸಡಿಲಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ ನೋಡಬಹುದು. ಬಾಗಿದ ಪಿನ್ ನೆಟ್ಟಗೆ ಮಾಡುವ ಸಾಹಸ ಮಾತ್ರ ಬೇಡ.

ಸ್ಟಿಕ್ಕಿನ ಪಟ್ಟಿ ಮಂಕಾಗಿದ್ದರೆ ಒರೆಸಿ. ರಬ್ಬರಿನಿಂದ ಉಜ್ಜುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಎಷ್ಟೋ ಸಲ ಫಲ ಕೊಡುವುದೂ ನಿಜ. ಆದರೆ ಚಿನ್ನದ ಲೇಪ ತೀರಾ ತೆಳು, ಜೋರಾಗಿ ಉಜ್ಜಿದರೆ ಎದ್ದೇ ಹೋಗುತ್ತದೆ. ಉದುರಿದ ಪುಡಿ ಸ್ಲಾಟ್‌ಗೆ ಬಿದ್ದರೆ ಹೊಸ ತಲೆನೋವು. ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಲು ಬಿಡುವುದು ಮೇಲು. ಸ್ಲಾಟ್‌ಗೆ ಗಾಳಿ ಊದುವ ಡಬ್ಬಿ ಸಾಕು. ಬಾಯಿಂದ ಊದಿದರೆ ಎಂಜಲು ಹೋಗುತ್ತದೆ.

ನಂತರ ಬಯೋಸ್ ರೀಸೆಟ್. ಹಳೆಯ ಸ್ಟಿಕ್ಕಿಗಾಗಿ ಉಳಿಸಿಟ್ಟ ವೇಗ, ವೋಲ್ಟೇಜ್ ಹೊಸದಕ್ಕೆ ಒಗ್ಗದೆ ಇರಬಹುದು. ಪವರ್ ವೈರ್ ಕಿತ್ತು, ಬೋರ್ಡಿನಲ್ಲಿ 'ಕ್ಲಿಯರ್ ಸಿಮಾಸ್' ಎಂದು ಗುರುತಿಸಿದ ಎರಡು ಪಿನ್‌ಗಳನ್ನು ಕೈಪಿಡಿ ಹೇಳಿದಷ್ಟು ಹೊತ್ತು ಜೋಡಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿ. ಗಡಿಯಾರ, ಬೂಟ್ ಕ್ರಮ, ಫ್ಯಾನ್ ವೇಗ ಎಲ್ಲ ಮೂಲಸ್ಥಿತಿಗೆ ಹೋಗುತ್ತವೆ, ಮೊದಲೇ ಫೋಟೊ ತೆಗೆದಿಟ್ಟರೆ ಅನುಕೂಲ.

ಹೊಸ ಸ್ಟಿಕ್ ಒಂಟಿಯಾಗಿಯೂ ಓಡದಿದ್ದರೆ ಕೊನೆಗೆ ಉಳಿಯುವುದು ಬೋರ್ಡಿನ ಮಿತಿ. ಇಂಟೆಲ್‌ನ 4ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಮಿತಿ ಒಟ್ಟು 32 ಜಿಬಿ, ಸ್ಟಿಕ್ಕಿಗೆ 8 ಜಿಬಿ. ಅದಕ್ಕೆ 16 ಜಿಬಿಯ ಡಿಡಿಆರ್3 ಸ್ಟಿಕ್ ಹಾಕಿದರೆ ಕಪ್ಪು ಪರದೆಯೇ ಗತಿ. ಡಿಡಿಆರ್5ರ 24 ಮತ್ತು 48 ಜಿಬಿ ಸ್ಟಿಕ್‌ಗಳನ್ನು ಮೊದಮೊದಲ ಬೋರ್ಡ್‌ಗಳು ಗುರುತಿಸುವುದು ಬಯೋಸ್ ಅಪ್‌ಡೇಟ್ ಆದ ಮೇಲೆ ಮಾತ್ರ. ಹಳೆಯ ಸ್ಟಿಕ್ ಹಾಕಿ, ಅಪ್‌ಡೇಟ್ ಮಾಡಿ, ಆಮೇಲೆ ಹೊಸದನ್ನು ಪ್ರಯತ್ನಿಸಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಬೀಪ್ ಕೂಗು, ಕೆಂಪು ದೀಪ, 55

ಬೀಪ್‌ಗಳ ಎಣಿಕೆ ಬಯೋಸ್ ಕಂಪನಿಯಿಂದ ಕಂಪನಿಗೆ ಬೇರೆ. ಎಲ್ಲಿಯೋ ಕಂಡ ಪಟ್ಟಿ ನಂಬದೆ ನಿಮ್ಮ ಬೋರ್ಡಿನ ಕೈಪಿಡಿ ತೆಗೆಯಿರಿ. ಹಲವು ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಡಿರ‍್ಯಾಮ್ ದೀಪ ಹೊತ್ತಿ ಅಲ್ಲೇ ನಿಂತರೆ ಮೇಲಿನ ಭಾಗಕ್ಕೆ ಹಿಂದಿರುಗಿ. ಅದನ್ನು ದಾಟಿ ವಿಜಿಎ ದೀಪದಲ್ಲಿ ನಿಂತರೆ ರ‍್ಯಾಮ್ ಪಾಸಾಗಿದೆ, ಗ್ರಾಫಿಕ್ಸ್ ಕಾರ್ಡ್ ಕಡೆ ನೋಡಿ. ಎರಡಂಕಿಯ ಪರದೆ ಇರುವ ಬೋರ್ಡ್‌ಗಳಲ್ಲಿ ಎಎಂಐ ಬಯೋಸ್ 55 ತೋರಿಸಿದರೆ ಅದಕ್ಕೆ ಮೆಮೊರಿಯೇ ಕಂಡಿಲ್ಲ ಎಂದರ್ಥ. ಬಹುಮಟ್ಟಿಗೆ ಸ್ಟಿಕ್ ಸರಿಯಾಗಿ ಕೂತಿಲ್ಲ.

ಆನ್ ಆಯಿತು, ಆದರೆ ಜಿಬಿ ಕಡಿಮೆ

ಮೊದಲು ಬಯೋಸ್ ಒಳಗೆ ಎಷ್ಟು ಕಾಣುತ್ತದೆ ನೋಡಿ. ಅಲ್ಲಿಯೇ ಕಡಿಮೆ ಇದ್ದರೆ ದೋಷ ಹಾರ್ಡ್‌ವೇರಿನದು, ಒಂದು ಸ್ಟಿಕ್ ಕಾಣುತ್ತಿಲ್ಲ. ಮತ್ತೆ ಕೂರಿಸುವುದರಿಂದ ಶುರುಮಾಡಿ. ಬಯೋಸ್ ಪೂರ್ತಿ ತೋರಿಸಿ ವಿಂಡೋಸ್ ಕಡಿಮೆ ತೋರಿಸಿದರೆ ಕ್ಯಾಬಿನೆಟ್ ಬಿಚ್ಚುವ ಅಗತ್ಯವಿಲ್ಲ.

ಸುಮಾರು 3.2 ಜಿಬಿ ಮಾತ್ರ ಕಾಣುತ್ತಿದ್ದರೆ ಅದು 32 ಬಿಟ್ ವಿಂಡೋಸ್. 4 ಜಿಬಿಯ ಆಚೆ ಅದಕ್ಕೆ ದಾರಿಯಿಲ್ಲ, 64 ಬಿಟ್ ಹಾಕಿಕೊಳ್ಳಬೇಕು. ಅರ್ಧ ಜಿಬಿಯಿಂದ 2 ಜಿಬಿಯಷ್ಟು ಮಾತ್ರ ಕೊರತೆಯಾಗಿದ್ದರೆ ಅದನ್ನು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ತೆಗೆದಿಟ್ಟುಕೊಂಡಿರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಎಂದು ಕಾಣುವುದು ಅದೇ. ಇದು ದೋಷವಲ್ಲ, ಬಯೋಸಿನಲ್ಲಿ ಆ ಪಾಲನ್ನು ಕಡಿಮೆ ಮಾಡಬಹುದು. ಇವೆರಡೂ ಅಲ್ಲದಿದ್ದರೆ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ವಿಭಾಗದ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಮೆಮೊರಿ'ಗೆ ಟಿಕ್ ಬಿದ್ದಿದೆಯೇ ನೋಡಿ. ಸಿಸ್ಟಂ ವೇಗ ಹೆಚ್ಚಿಸುವ ಉಪಾಯ ಎಂದು ಯಾರೋ ಹೇಳಿದ್ದನ್ನು ನಂಬಿ ಹಾಕಿದ ಟಿಕ್ ಅದು. ತೆಗೆದು ರೀಸ್ಟಾರ್ಟ್ ಮಾಡಿ.

ಡಬ್ಬಿಯ ಮೇಲೆ 3200, ಕಾಣುವುದು 2400

ಕೆಟ್ಟಿದ್ದೇನೂ ಇಲ್ಲ. ಡಬ್ಬಿಯ ಮೇಲಿನ ಸಂಖ್ಯೆ ಎಷ್ಟೋ ಸಲ ತಯಾರಕರು ಪರೀಕ್ಷಿಸಿದ ಹೆಚ್ಚಿನ ವೇಗ. ಬೋರ್ಡ್ ತಾನಾಗಿ ಆರಿಸಿಕೊಳ್ಳುವುದು ಸ್ಟಿಕ್ಕಿನಲ್ಲಿ ಬರೆದಿಟ್ಟ ಸುರಕ್ಷಿತ ವೇಗವನ್ನು. ಹೆಚ್ಚಿನದು ಬೇಕಾದರೆ ಬಯೋಸಿನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ಎಂಬ ಸಿದ್ಧ ವೇಗದ ಪ್ರೊಫೈಲ್ ಆನ್ ಮಾಡಬೇಕು. ಆಸೂಸ್‌ನ ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಸಿಸ್ಟಂ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರಿನಲ್ಲಿ 1600 ಕಂಡರೆ ಅರ್ಧವಾಯಿತೆಂದು ಗಾಬರಿ ಬೇಡ. ಒಂದು ಗಡಿಯಾರ ಬಡಿತಕ್ಕೆ ಎರಡು ಸಲ ಡೇಟಾ ಸಾಗುವುದರಿಂದ 1600 ಎಂದರೆ 3200ಏ.

ಬೇರೆ ಬೇರೆ ವೇಗದ ಸ್ಟಿಕ್ ಬೆರೆಸಿದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಚಿಪ್‌ಸೆಟ್‌ನ ಗಡಿಯೂ ಇದೆ: ಇಂಟೆಲ್ ಬಿ460, ಎಚ್610 ಬೋರ್ಡ್‌ಗಳು ಪ್ರೊಸೆಸರಿಗೆ ನಿಗದಿಯಾದ ವೇಗದ ಮೇಲೆ ಮೆಮೊರಿಯನ್ನು ಓಡಿಸುವುದಿಲ್ಲ. ಅಂಥ ಬೋರ್ಡಿಗೆ 3600ರ ಸ್ಟಿಕ್ ಕೊಂಡಿದ್ದರೆ ಹೆಚ್ಚುವರಿ ವೇಗದ ಆಸೆ ಬಿಡಬೇಕು.

ಎಕ್ಸ್‌ಎಂಪಿ ಆನ್ ಮಾಡಿದ ಕೂಡಲೇ ಕಾಟ

ಡಿಫಾಲ್ಟ್ ವೇಗದಲ್ಲಿ ಚೆನ್ನಾಗಿ ಓಡಿ, ಎಕ್ಸ್‌ಎಂಪಿ ಹಾಕಿದೊಡನೆ ಹ್ಯಾಂಗ್, ರೀಸ್ಟಾರ್ಟ್ ಶುರುವಾದರೆ ಸ್ಟಿಕ್ ಕೆಟ್ಟಿದೆ ಎಂದು ಹೇಳಲು ಬರುವುದಿಲ್ಲ. ಎಕ್ಸ್‌ಎಂಪಿ ಒಂದು ಬಗೆಯ ಓವರ್‌ಕ್ಲಾಕ್, ಅಂದರೆ ನಿಗದಿತ ವೇಗ ಮೀರಿ ಓಡಿಸುವುದು. ಸ್ಟಿಕ್ ಆ ವೇಗ ತಡೆದುಕೊಂಡರೂ ನಿಮ್ಮ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ತಡೆಯಬೇಕಲ್ಲ.

ನಾಲ್ಕೂ ಸ್ಲಾಟ್ ತುಂಬಿದಾಗ ಈ ಭಾರ ಇನ್ನೂ ಹೆಚ್ಚು. ರೈಜನ್ 7000 ಪ್ರೊಸೆಸರ್ ಸರಣಿಯಲ್ಲಿ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಕ್ಕೆ ಬರೀ 3600. ಎರಡು ಸ್ಟಿಕ್ 6000ದಲ್ಲಿ ಹಾಯಾಗಿ ಓಡುತ್ತಿತ್ತೆಂದು ಅಂಥದ್ದೇ ಇನ್ನೆರಡು ತಂದು ಹಾಕಿದವರಿಗೆ ನಿರಾಸೆ ಕಾಯುವುದು ಇದಕ್ಕೇ. ನನ್ನನ್ನು ಕೇಳಿದರೆ ಡಿಡಿಆರ್5ರಲ್ಲಿ ನಾಲ್ಕು ಚಿಕ್ಕ ಸ್ಟಿಕ್‌ಗಳಿಗಿಂತ ಎರಡು ದೊಡ್ಡವೇ ಲೇಸು.

ಮೊದಲು ಬಯೋಸ್ ಅಪ್‌ಡೇಟ್ ಮಾಡಿ, ಏಕೆಂದರೆ ಮೆಮೊರಿ ಹೊಂದಾಣಿಕೆ ಎಷ್ಟೋ ಸಲ ಅಲ್ಲಿಯೇ ಸುಧಾರಿಸಿರುತ್ತದೆ. ಆಮೇಲೆ ಪ್ರೊಫೈಲ್ ಹಾಗೇ ಇಟ್ಟು ವೇಗವನ್ನು ಮಾತ್ರ ಒಂದೊಂದು ಮೆಟ್ಟಿಲು ಇಳಿಸಿ: 3600 ನಿಲ್ಲದಿದ್ದರೆ 3466, ಆಮೇಲೆ 3200. ಈ ವ್ಯತ್ಯಾಸ ದಿನನಿತ್ಯದ ಕೆಲಸದಲ್ಲಿ ಗೊತ್ತೇ ಆಗುವುದಿಲ್ಲ. ಎಎಂ5ರಲ್ಲಿ ಬೇಗ ಬೂಟ್ ಆಗಲೆಂದು 'ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್' ಆನ್ ಮಾಡಿದ್ದರೆ ಅದನ್ನು ಆಫ್ ಮಾಡಿ ನೋಡಿ. ಬೂಟ್ ನಿಧಾನವಾಗುತ್ತದೆ, ಆದರೆ ಪ್ರತಿ ಸಲವೂ ಹೊಸದಾಗಿ ಟ್ರೈನಿಂಗ್ ಆಗುವುದರಿಂದ ಬ್ಲೂ ಸ್ಕ್ರೀನ್ ನಿಲ್ಲಬಹುದು.

ವೋಲ್ಟೇಜ್ ಏರಿಸಿ ಸರಿಮಾಡುವ ದಾರಿಗೆ ಇಳಿಯಬೇಡಿ. ಡಿಡಿಆರ್4ರ ಎಕ್ಸ್‌ಎಂಪಿ ಸಾಮಾನ್ಯವಾಗಿ 1.35 ವೋಲ್ಟ್ ಕೇಳುತ್ತದೆ, ಲೇಬಲ್ ಮೇಲೆ ಬರೆದದ್ದನ್ನು ಮೀರುವ ಕಾರಣವಿಲ್ಲ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ಸುದ್ದಿ ಬಂದ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜ್) 1.3 ದಾಟದಂತೆ ಬಯೋಸ್ ಅಪ್‌ಡೇಟ್ ಮೂಲಕ ತಡೆ ಹಾಕಿಸಿತು. ಎಎಂ5 ಬೋರ್ಡಿನಲ್ಲಿ ಅದಕ್ಕಿಂತ ಹಳೆಯ ಬಯೋಸ್ ಇದ್ದರೆ ಅಪ್‌ಡೇಟ್ ಮಾಡದೆ ಎಕ್ಸ್‌ಪೋ ಮುಟ್ಟಬಾರದು.

ವಿಂಡೋಸ್ ಬರುತ್ತದೆ, ಆದರೆ ಬ್ಲೂ ಸ್ಕ್ರೀನ್ ಬಿಡುವುದಿಲ್ಲ

ಬ್ಲೂ ಸ್ಕ್ರೀನಿನಲ್ಲಿ ಪ್ರತಿ ಸಲವೂ ಒಂದೇ ಫೈಲಿನ ಹೆಸರು ಕಂಡರೆ ಡ್ರೈವರ್ ಮೇಲೆ ಅನುಮಾನಪಡಿ. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್', ಇನ್ನೊಮ್ಮೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಮತ್ತೊಮ್ಮೆ ಇನ್ನೇನೋ ಎಂದು ಬಣ್ಣ ಬದಲಿಸುತ್ತಿದ್ದರೆ ರ‍್ಯಾಮ್ ಮೇಲೆ. ದೊಡ್ಡ ಝಿಪ್ ಫೈಲು ಬಿಚ್ಚುವಾಗ ಸಿಆರ್‌ಸಿ ದೋಷ (ಡೇಟಾ ತಾಳೆಯಾಗಲಿಲ್ಲ ಎಂಬ ಸೂಚನೆ) ಬಂದು, ಅದೇ ಫೈಲು ಮರುಪ್ರಯತ್ನದಲ್ಲಿ ಸರಿಯಾಗಿ ಬಿಚ್ಚಿಕೊಳ್ಳುವುದೂ ಇದೇ ಜಾತಿಯ ಲಕ್ಷಣ.

ಈ ಸ್ಥಿತಿಯಲ್ಲಿ ಸಿಸ್ಟಂ ಬಳಸುತ್ತಾ ಹೋಗಬೇಡಿ. ರ‍್ಯಾಮ್‌ನಲ್ಲಿ ತಪ್ಪಾದ ಒಂದು ಬಿಟ್ ಡಿಸ್ಕಿಗೂ ಹಾಗೇ ಬರೆಯಲ್ಪಡುತ್ತದೆ. ಫೋಟೊ, ದಾಖಲೆಗಳು ಸದ್ದಿಲ್ಲದೆ ಹಾಳಾಗುತ್ತವೆ. ಬ್ಯಾಕಪ್ ತೆಗೆಯುವುದಾದರೂ ಹಳೆಯ ಸ್ಟಿಕ್ ಹಾಕಿಕೊಂಡು ತೆಗೆಯಿರಿ.

ಎಕ್ಸ್‌ಎಂಪಿ ಆಫ್ ಮಾಡಿ ಪರೀಕ್ಷೆಗೆ ಕೂರಿಸಿ. ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಮೇಲುನೋಟಕ್ಕೆ ಸಾಕು, ಆದರೆ ಅದು ಪಾಸ್ ಅಂದದ್ದನ್ನು ಪೂರ್ತಿ ನಂಬಲಾಗದು. ಮೆಮ್‌ಟೆಸ್ಟ್86+ ಅನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಇಲ್ಲಿ ರಿಯಾಯಿತಿ ಇಲ್ಲ, ಒಂದು ದೋಷ ಕಂಡರೂ ಅದು ದೋಷವೇ. ಕಂಡರೆ ಸ್ಟಿಕ್‌ಗಳನ್ನು ಒಂದೊಂದಾಗಿ ಅದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ, ದೋಷ ಯಾವ ಸ್ಟಿಕ್ಕಿನ ಬೆನ್ನು ಹತ್ತುತ್ತದೆ ನೋಡಿ. ಡಿಫಾಲ್ಟ್ ವೇಗದಲ್ಲಿ ಶುದ್ಧವಾಗಿದ್ದು ಎಕ್ಸ್‌ಎಂಪಿಯಲ್ಲಿ ಮಾತ್ರ ದೋಷ ಬಂದರೆ ಹಿಂದಿನ ಭಾಗದ ಹಾದಿ ಹಿಡಿಯಿರಿ.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ ಬಂದರೆ, ಆನ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಸ್ಟಿಕ್ ಮುಟ್ಟಲಾಗದಷ್ಟು ಬಿಸಿಯಾದರೆ ವೈರ್ ಕೀಳಿ, ಇನ್ನೊಂದು ಸಲ ಆನ್ ಮಾಡಿ ನೋಡುವ ಕುತೂಹಲ ಬೇಡ. ಸಾಕೆಟ್ ಪಿನ್ ಬಾಗಿದ್ದರೆ, ಇಡೀ ಚಾನೆಲ್ ಸತ್ತಿದ್ದರೆ, ಬಯೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ, ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಸರ್ವಿಸ್‌ನವರಿಗೆ ಬಿಡಿ. ಬೋರ್ಡಿಗೇ ಬೆಸುಗೆ ಹಾಕಿದ ಎಲ್‌ಪಿಡಿಡಿಆರ್ ಮೆಮೊರಿಯ ಲ್ಯಾಪ್‌ಟಾಪ್‌ಗಳಲ್ಲಿ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಒಯ್ಯುವಾಗ ಬರೀ 'ಆನ್ ಆಗ್ತಿಲ್ಲ' ಎನ್ನದೆ ಯಾವ ಸ್ಟಿಕ್ ಯಾವ ಸ್ಲಾಟ್‌ನಲ್ಲಿ ಓಡಿತು, ಯಾವುದರಲ್ಲಿ ಇಲ್ಲ, ಬಯೋಸ್ ಆವೃತ್ತಿ ಯಾವುದು ಎಂದು ಬರೆದುಕೊಂಡು ಹೋಗಿ. ಮೆಮ್‌ಟೆಸ್ಟ್ ಪರದೆಯ ಫೋಟೊ ಇದ್ದರೆ ವಾರಂಟಿಯ ವಾದ ಅರ್ಧ ಮುಗಿದಂತೆ. ಜೋಡಿಯಾಗಿ ಕೊಂಡ ಕಿಟ್‌ನಲ್ಲಿ ಒಂದೇ ಸ್ಟಿಕ್ ಕೆಟ್ಟಿದ್ದರೂ ಸಾಮಾನ್ಯವಾಗಿ ಎರಡನ್ನೂ ಕೇಳುತ್ತಾರೆ. ಬದಲಿ ಬರುವವರೆಗೆ ಸಿಸ್ಟಂ ಓಡಿಸಲು ಹಳೆಯ ಸ್ಟಿಕ್ ಬೇಕಾಗುತ್ತದೆ.